ಖಾಕಿ ಕ್ಯಾಂಪ್‌ಬೆಲ್ ಬಾತಿನ ಬಣ್ಣ: ಯಾವುದು ಸರಿ, ಯಾವುದು ತಪ್ಪು, ಯಾಕೆ?

ಮೊಟ್ಟೆಗಾಗಿ ಬಾತುಕೋಳಿ ಸಾಕಬೇಕು ಎಂದು ಯಾರನ್ನಾದರೂ ವಿಚಾರಿಸಿದರೆ ಮೊದಲು ಕೇಳಿಬರುವ ಹೆಸರು ಖಾಕಿ ಕ್ಯಾಂಪ್‌ಬೆಲ್. ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಈ ತಳಿಯನ್ನು ಬೆಳೆಸುತ್ತಾರೆ. ಸಂತೆಯಲ್ಲೂ, ಮೊಬೈಲ್ ಜಾಹೀರಾತಿನಲ್ಲೂ ಇದೇ ಹೆಸರು ಹೇಳಿ ಮರಿ ಮಾರುವವರು ಸಿಗುತ್ತಾರೆ. ಆದರೆ ಕಂದಗೆ ಕಾಣುವ ಬಾತೆಲ್ಲ ಖಾಕಿ ಕ್ಯಾಂಪ್‌ಬೆಲ್ ಅಲ್ಲ. ಮನೆಗೆ ತಂದ ಹತ್ತು ಮರಿಗಳಲ್ಲಿ ಒಂದಕ್ಕೆ ಕೊರಳಲ್ಲಿ ಬಿಳಿ ಪಟ್ಟಿ ಮೂಡುತ್ತದೆ, ಇನ್ನೊಂದಕ್ಕೆ ಎದೆಯಲ್ಲಿ ಬಿಳಿ ಮಚ್ಚೆ, ಮತ್ತೊಂದರ ಕೊಕ್ಕು ಹಳದಿ. ಆಗ ಏಳುವ ಪ್ರಶ್ನೆ ಒಂದೇ: ಇವು ಅಸಲಿಯಾ, ಬೆರಕೆಯಾ?

ಇದಕ್ಕೆ ಉತ್ತರ ಹೇಳುವ ಒಂದು ವಿದ್ಯೆ ಇದೆ. ಸಾಕುಹಕ್ಕಿಗಳ ಪ್ರದರ್ಶನ ನಡೆಸುವ ದೇಶಗಳಲ್ಲಿ ತೀರ್ಪುಗಾರರು ಬಾತಿನ ಗರಿ, ಕೊಕ್ಕು, ಕಾಲು ನೋಡಿ ಅದರ ಬಣ್ಣ ಸರಿ ಇದೆಯೋ ಇಲ್ಲವೋ ಹೇಳುತ್ತಾರೆ. ಕೇಳಿದರೆ ಸೌಂದರ್ಯ ಸ್ಪರ್ಧೆ ಅನ್ನಿಸಬಹುದು. ಅವರು ಮಾಡುವ ಕೆಲಸ ಅದಕ್ಕಿಂತ ಆಳವಾದದ್ದು. ಬಾತಿನ ಮೈಮೇಲಿನ ಒಂದೊಂದು ‘ತಪ್ಪು’ ಬಣ್ಣವೂ ಅದರ ವಂಶದಲ್ಲಿ ಯಾರು ಸೇರಿದ್ದಾರೆ ಎಂಬುದರ ಸುಳಿವು. ಆ ಸುಳಿವನ್ನು ಓದಲು ಯಾರು ಬೇಕಾದರೂ ಕಲಿಯಬಹುದು.

ಮಾನದಂಡ ಎಂದರೆ ಏನು?

ತಳಿ ಎಂದರೆ ತಲೆಮಾರಿನಿಂದ ತಲೆಮಾರಿಗೆ ಒಂದೇ ರೂಪ, ಒಂದೇ ಗುಣ ಉಳಿಸಿಕೊಂಡು ಬರುವ ಗುಂಪು. ಆ ರೂಪ ಹೇಗಿರಬೇಕು ಎಂದು ಬರೆದಿಟ್ಟ ವಿವರಣೆಗೆ ಮಾನದಂಡ ಎನ್ನುತ್ತಾರೆ. ಬ್ರಿಟನ್ನಿನಲ್ಲಿ 1877ರಲ್ಲಿ ಶುರುವಾದ ಪೌಲ್ಟ್ರಿ ಕ್ಲಬ್ ಈ ಕೆಲಸ ನೋಡಿಕೊಳ್ಳುತ್ತದೆ. ಅಮೆರಿಕದಲ್ಲಿ 1873ರಲ್ಲಿ ಹುಟ್ಟಿದ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಮರುವರ್ಷವೇ ತನ್ನ ಮೊದಲ ಮಾನದಂಡ ಹೊರತಂದಿತು. ಖಾಕಿ ಕ್ಯಾಂಪ್‌ಬೆಲ್ ಅದರೊಳಗೆ ಸೇರಿದ್ದು 1941ರಲ್ಲಿ.

ಪ್ರತಿ ತಳಿಗೂ ಒಟ್ಟು 100 ಅಂಕ ಇರುತ್ತದೆ. ನಿಲುವು, ಮೈಕಟ್ಟು, ತಲೆ, ಗಾತ್ರ, ಆರೋಗ್ಯ, ಬಣ್ಣ, ಹೀಗೆ ಹಂಚಿರುತ್ತಾರೆ. ಬಣ್ಣಕ್ಕೆ ಸಿಗುವುದು ಅದರಲ್ಲಿ ಒಂದು ಪಾಲು ಮಾತ್ರ. ಕೆಲವು ದೋಷಕ್ಕೆ ಒಂದೆರಡು ಅಂಕ ಕಡಿಮೆಯಾಗುತ್ತದೆ. ಇನ್ನು ಕೆಲವು ದೋಷ ಕಂಡರೆ ಹಕ್ಕಿಯನ್ನು ಸ್ಪರ್ಧೆಯಿಂದಲೇ ಹೊರಗಿಡುತ್ತಾರೆ.

ಈ ಬಣ್ಣ ಬಂದ ದಾರಿ

ಖಾಕಿ ಕ್ಯಾಂಪ್‌ಬೆಲ್ ಇಂಗ್ಲೆಂಡಿನ ತಳಿ. ಗ್ಲಾಸ್ಟರ್‌ಶೈರ್ ಸೀಮೆಯ ಯೂಲಿ ಎಂಬ ಹಳ್ಳಿಯಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆ ಇದನ್ನು ರೂಪಿಸಿದರು. ಅವರಿಗೆ ಬೇಕಾಗಿದ್ದದ್ದು ಮನೆಮಂದಿಗೆ ಜಾಸ್ತಿ ಮೊಟ್ಟೆ ಕೊಡುವ, ತಿನ್ನಲೂ ಸಾಕಷ್ಟು ಮಾಂಸ ಇರುವ ಬಾತು. ಅದಕ್ಕಾಗಿ ಅವರು ಮೂರು ರಕ್ತ ಸೇರಿಸಿದರು. ಒಂದು, ಇಂಡಿಯನ್ ರನ್ನರ್. ಸೀಸೆಯಂತೆ ನೆಟ್ಟಗೆ ನಿಲ್ಲುವ ಈ ಬಾತು ಮೊಟ್ಟೆಗೆ ಹೆಸರುವಾಸಿ. ಹೆಸರಲ್ಲಿ ಇಂಡಿಯನ್ ಎಂದಿದ್ದರೂ ಇದರ ಮೂಲ ಈಗಿನ ಇಂಡೊನೇಷ್ಯಾದ ಜಾವಾ, ಲೊಂಬೋಕ್ ದ್ವೀಪಗಳ ಕಡೆಯದ್ದು. ಎರಡನೆಯದು ರುಆನ್, ಫ್ರಾನ್ಸಿನ ದಪ್ಪ ಮೈಯ ಬಾತು. ಮೂರನೆಯದು ಮಲ್ಲಾರ್ಡ್ ಎಂಬ ಕಾಡುಬಾತು.

1898ರ ಹೊತ್ತಿಗೆ ಕ್ಯಾಂಪ್‌ಬೆಲ್ ಬಾತು ಜನರ ಮುಂದೆ ಬಂತು. ಆಗ ಅದರ ಬಣ್ಣ ಇಂಥದ್ದೇ ಎಂದು ಇರಲಿಲ್ಲ. ಆಗ ಇಂಗ್ಲೆಂಡಿನಲ್ಲಿ ತಿಳಿ ಗೋಧಿ ಬಣ್ಣದ ಸಾಕುಹಕ್ಕಿಗಳಿಗೆ ಬೇಡಿಕೆ ಇತ್ತು. ಆ ಕಡೆಗೆ ಬಣ್ಣ ತಿರುಗಿಸಲು ಮತ್ತೆ ಮತ್ತೆ ಕೂಡಿಸುತ್ತಾ ಹೋದಾಗ ಸಿಕ್ಕಿದ್ದು ಈ ಮಾಸಲು ಕಂದು. ಅದು ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ನಡೆಯುತ್ತಿದ್ದ ಕಾಲ. ಬ್ರಿಟಿಷ್ ಸೈನಿಕರ ಸಮವಸ್ತ್ರದ ಬಣ್ಣವೂ ಅದೇ ಆಗಿದ್ದರಿಂದ 1901ರಲ್ಲಿ ಹೊಸ ಬಾತಿಗೆ ಖಾಕಿ ಎಂದೇ ಹೆಸರಿಟ್ಟರು.

ಈ ಮೂರು ಪೂರ್ವಜರನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ತಪ್ಪು ಬಣ್ಣಗಳಲ್ಲಿ ಬಹಳಷ್ಟು ಇವರಿಂದಲೇ ಬಂದವು.

ಸರಿಯಾದ ಖಾಕಿ ಹೇಗಿರುತ್ತದೆ?

ಗಂಡು ಮತ್ತು ಹೆಣ್ಣು ಬೇರೆ ಬೇರೆ ರೀತಿ ಕಾಣುತ್ತವೆ. ಹಾಗಾಗಿ ಮೊದಲು ಲಿಂಗ ಗೊತ್ತಾಗಬೇಕು. ಬಾತಿನಲ್ಲಿ ಗಟ್ಟಿಯಾಗಿ ‘ಕ್ವಾಕ್ ಕ್ವಾಕ್’ ಎಂದು ಕೂಗುವುದು ಹೆಣ್ಣು. ಗಂಡಿನ ದನಿ ಕಟ್ಟಿದ ಗಂಟಲಿನಿಂದ ಬಂದಂತೆ ಮೆಲ್ಲಗೆ ಇರುತ್ತದೆ. ಬೆಳೆದ ಗಂಡಿನ ಬಾಲದ ಮೇಲೆ ಒಂದೆರಡು ಗರಿ ಸುರುಳಿ ಸುತ್ತಿಕೊಂಡಿರುತ್ತವೆ.

ಗಂಡಿನ ತಲೆ, ಕುತ್ತಿಗೆ ಮತ್ತು ಬಾಲದ ಬುಡದ ಭಾಗ ಕಂಚಿನ ಬಣ್ಣ. ಬೆಳಕಿಗೆ ಹಿಡಿದರೆ ಅದರಲ್ಲಿ ಹಸಿರು ಹೊಳಪು ಕಾಣಬೇಕು. ಉಳಿದ ಮೈಯೆಲ್ಲ ಒಂದೇ ಸಮನಾದ ಬೆಚ್ಚನೆಯ ಖಾಕಿ. ಎದೆಯ ಕೆಳಭಾಗಕ್ಕೆ ಬರುತ್ತಾ ಸ್ವಲ್ಪ ತಿಳಿಯಾಗಬಹುದು. ಕೊಕ್ಕು ಹಸಿರು ಛಾಯೆಯ ಗಾಢ ಬಣ್ಣ, ಗಾಢವಾದಷ್ಟೂ ಒಳ್ಳೆಯದು. ಕಾಲು ಗಾಢ ಕಿತ್ತಳೆ.

ಹೆಣ್ಣಿನಲ್ಲಿ ಈ ಕಂಚಿನ ಹೊಳಪು ಇರುವುದಿಲ್ಲ. ತಲೆಯಿಂದ ಬಾಲದವರೆಗೆ ಖಾಕಿಯೇ. ತಲೆ, ಕುತ್ತಿಗೆ ಒಂದು ಪಟ್ಟು ಗಾಢ ಇರಬಹುದು, ಆದರೆ ಅಲ್ಲಿ ಗೆರೆ, ಚುಕ್ಕೆ ಯಾವುದೂ ಇರಬಾರದು. ಬೆನ್ನು ಮತ್ತು ರೆಕ್ಕೆಯ ಗರಿಗಳ ಅಂಚಿನಲ್ಲಿ ತುಸು ತಿಳಿಯಾದ ಖಾಕಿ ಗೆರೆ ಇರುತ್ತದೆ. ದೂರದಿಂದ ನೋಡಿದರೆ ಈ ಗೆರೆಗಳು ಕಾಣದೆ ಮೈಯೆಲ್ಲ ಒಂದೇ ಬಣ್ಣ ಅನ್ನಿಸಬೇಕು. ಕೊಕ್ಕು ಸ್ಲೇಟಿನಂಥ ಕಪ್ಪುಬೂದು. ಕಾಲು ಮೈಬಣ್ಣಕ್ಕೆ ಎಷ್ಟು ಹತ್ತಿರವಾಗಿದ್ದರೆ ಅಷ್ಟು ಸರಿ. ಗಂಡಿನ ಕಾಲಿನ ಹಾಗೆ ಕಿತ್ತಳೆ ಎದ್ದು ಕಾಣಬಾರದು. ಕಣ್ಣು ಎರಡಕ್ಕೂ ಕಂದು.

ತೀರ್ಪುಗಾರರು ಇಲ್ಲಿ ಹೆಚ್ಚು ತೂಕ ಕೊಡುವುದು ಸಮತೆಗೆ. ಒಂದು ಬಾತು ಸ್ವಲ್ಪ ಗಾಢ, ಇನ್ನೊಂದು ಸ್ವಲ್ಪ ತಿಳಿ ಇದ್ದರೆ ದೊಡ್ಡ ವಿಷಯವಲ್ಲ. ಒಂದೇ ಬಾತಿನ ಬೆನ್ನು ಒಂದು ಬಣ್ಣ, ಹೊಟ್ಟೆ ಇನ್ನೊಂದು ಬಣ್ಣ ಆಗಿ ತೇಪೆ ಹಾಕಿದಂತೆ ಕಂಡರೆ ಅದು ದೋಷ.

ಚಿತ್ತಾರ ಬೇರೆ, ಬಣ್ಣ ಬೇರೆ

ಈಗ ‘ಯಾಕೆ’ ಎಂಬ ಪ್ರಶ್ನೆಗೆ ಬರೋಣ. ಮಸ್ಕವಿ ಎಂಬ ಒಂದು ಜಾತಿ ಬಿಟ್ಟರೆ ಜಗತ್ತಿನ ಸಾಕುಬಾತುಗಳೆಲ್ಲ ಮಲ್ಲಾರ್ಡ್ ಕಾಡುಬಾತಿನ ವಂಶದವು. ಚಳಿಗಾಲದಲ್ಲಿ ಉತ್ತರ ಭಾರತಕ್ಕೂ ವಲಸೆ ಬರುವ ಹಕ್ಕಿ ಅದು. ಗಂಡಿಗೆ ಹಸಿರು ತಲೆ, ಕೊರಳಲ್ಲಿ ತೆಳ್ಳನೆಯ ಬಿಳಿ ಪಟ್ಟಿ, ಕೆಂಗಂದು ಎದೆ, ಬೂದು ಮೈ. ಹೆಣ್ಣು ಚುಕ್ಕೆ ಚುಕ್ಕೆಯ ಕಂದು, ಕಣ್ಣಿನ ಮೇಲೆ ಹಾದುಹೋಗುವ ಗಾಢ ಗೆರೆ. ಎರಡರ ರೆಕ್ಕೆಯಲ್ಲೂ ಹೊಳೆಯುವ ನೀಲಿ ಪಟ್ಟಿ, ಅದರ ಆಚೀಚೆ ಬಿಳಿ ಅಂಚು.

ಹಸಿರು ತಲೆಯ ಈ ಹಕ್ಕಿಯಿಂದ ಖಾಕಿ ಬಾತು ಹೇಗೆ ಬಂತು? ಎರಡು ಬದಲಾವಣೆಗಳು ಸೇರಿ. ಸೀರೆಯನ್ನು ನೆನೆಸಿಕೊಳ್ಳಿ. ಮಗ್ಗದಲ್ಲಿ ಅಂಚು, ಸೆರಗು, ಬುಟ್ಟಾ ಎಲ್ಲಿ ಬರಬೇಕು ಎಂಬುದು ಒಂದು ತೀರ್ಮಾನ. ಅದಕ್ಕೆ ಹಾಕುವ ನೂಲಿಗೆ ಯಾವ ಬಣ್ಣ ಅದ್ದಬೇಕು ಎಂಬುದು ಇನ್ನೊಂದು. ವಿನ್ಯಾಸ ಹಾಗೇ ಇಟ್ಟು ನೂಲಿನ ಬಣ್ಣ ಬದಲಿಸಬಹುದು, ಬಣ್ಣ ಹಾಗೇ ಇಟ್ಟು ವಿನ್ಯಾಸ ಬದಲಿಸಬಹುದು. ಬಾತಿನ ಮೈಯಲ್ಲೂ ಚಿತ್ತಾರ ಎಲ್ಲಿ ಬರಬೇಕು ಎಂದು ಹೇಳುವ ಜೀನ್ ಬೇರೆ, ಬಣ್ಣ ಯಾವುದು ಎಂದು ಹೇಳುವ ಜೀನ್ ಬೇರೆ. ಜೀನ್ ಎಂದರೆ ಅಪ್ಪ ಅಮ್ಮನಿಂದ ಮರಿಗೆ ಬರುವ ಸೂಚನೆ. ಬಹುತೇಕ ಜೀನುಗಳ ಎರಡೆರಡು ಪ್ರತಿ ಇರುತ್ತವೆ. ಒಂದು ಅಪ್ಪನದು, ಒಂದು ಅಮ್ಮನದು.

ಖಾಕಿಯ ಮೊದಲ ಬದಲಾವಣೆ ಚಿತ್ತಾರದಲ್ಲಿ ಆದದ್ದು. ತಳಿ ಬೆಳೆಸುವವರು ಇದನ್ನು ‘ಡಸ್ಕಿ’ ಎನ್ನುತ್ತಾರೆ. ಡಸ್ಕಿ ಜೀನಿನ ಎರಡು ಪ್ರತಿ ಸೇರಿದಾಗ ಗಂಡಿನ ಕೊರಳಪಟ್ಟಿ ಮಾಯವಾಗುತ್ತದೆ, ಕೆಂಗಂದು ಎದೆ ಹೋಗುತ್ತದೆ, ಹೆಣ್ಣಿನ ಕಣ್ಣಿನ ಗೆರೆ ಅಳಿಸಿಹೋಗುತ್ತದೆ, ರೆಕ್ಕೆಯ ಹೊಳಪು ಪಟ್ಟಿ ಮಂಕಾಗುತ್ತದೆ. ಒಟ್ಟಿನಲ್ಲಿ ಮೈಯೆಲ್ಲ ಹೆಚ್ಚುಕಡಿಮೆ ಸಮನಾಗುತ್ತದೆ.

ಎರಡನೆಯ ಬದಲಾವಣೆ ಬಣ್ಣದ್ದು. ಗರಿಯ ಕಪ್ಪುಬಣ್ಣಕ್ಕೆ ಕಾರಣ ಮೆಲನಿನ್ ಎಂಬ ವಸ್ತು, ನಮ್ಮ ತಲೆಗೂದಲಿನಲ್ಲೂ ಇರುವಂಥದ್ದೇ. ಖಾಕಿಯಲ್ಲಿರುವ ‘ಕಂದು ಜೀನ್’ ಈ ಕಪ್ಪನ್ನು ಕಂದಾಗಿ ಬದಲಿಸುತ್ತದೆ. ಕಾಡುಬಾತಿನ ತಲೆಯ ಹಸಿರು ನಿಜವಾಗಿ ಬಣ್ಣದ ಪುಡಿಯಿಂದ ಬಂದದ್ದಲ್ಲ. ಕಪ್ಪು ಕಣಗಳ ಪದರದ ಮೇಲೆ ಬೆಳಕು ಬಿದ್ದು ಚೆದುರುವುದರಿಂದ ಆ ಹಸಿರು ಕಾಣುತ್ತದೆ. ತಳದ ಕಪ್ಪು ಕಂದಾದಾಗ ಮೇಲಿನ ಹೊಳಪೂ ಕಂಚಿನ ಕಡೆಗೆ ತಿರುಗುತ್ತದೆ. ಖಾಕಿ ಗಂಡಿನ ಕಂಚಿನ ತಲೆ ಬಂದದ್ದು ಹೀಗೆ.

ಮಗಳ ಬಣ್ಣ ಅಪ್ಪನ ಕೈಯಲ್ಲಿ

ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಸಾಕುವವರಿಗೆ ಹೆಚ್ಚು ಉಪಯೋಗವಾಗುವ ಭಾಗವೂ ಇದೇ. ಸ್ವಲ್ಪ ನಿಧಾನವಾಗಿ ಓದಿ.

ಮನುಷ್ಯರಲ್ಲಿ ಹೆಣ್ಣಿಗೆ ಎರಡು ಎಕ್ಸ್ ಕ್ರೋಮೋಸೋಮ್, ಗಂಡಿಗೆ ಒಂದು ಎಕ್ಸ್ ಒಂದು ವೈ ಎಂದು ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಹಕ್ಕಿಗಳಲ್ಲಿ ಇದು ಉಲ್ಟಾ. ಗಂಡಿಗೆ ಒಂದೇ ಥರದ ಎರಡು, ಅವಕ್ಕೆ ಜೆಡ್ ಎನ್ನುತ್ತಾರೆ. ಹೆಣ್ಣಿಗೆ ಒಂದು ಜೆಡ್, ಒಂದು ಡಬ್ಲ್ಯೂ. ಮೇಲೆ ಹೇಳಿದ ಕಂದು ಜೀನ್ ಕೂತಿರುವುದು ಈ ಜೆಡ್ ಮೇಲೆ. ಡಬ್ಲ್ಯೂನಲ್ಲಿ ಅದಕ್ಕೆ ಜಾಗವೇ ಇಲ್ಲ.

ಹೀಗಾಗಿ ಗಂಡು ಕಂದಾಗಬೇಕಾದರೆ ಎರಡು ಜೆಡ್‌ನಲ್ಲೂ ಕಂದು ಜೀನ್ ಬೇಕು. ಒಂದರಲ್ಲಿ ಮಾತ್ರ ಇದ್ದರೆ ಅದು ಹೊರಗೆ ಕಾಣದೆ ಅಡಗಿರುತ್ತದೆ, ಹಕ್ಕಿ ಕಪ್ಪುಗಂದು ಬಣ್ಣದ್ದಾಗಿ ಬೆಳೆಯುತ್ತದೆ. ಹೆಣ್ಣಿಗೆ ಇರುವುದೇ ಒಂದು ಜೆಡ್, ಆದ್ದರಿಂದ ಒಂದು ಪ್ರತಿ ಸಾಕು. ಆ ಒಂದು ಜೆಡ್ ಅವಳಿಗೆ ಬರುವುದು ಅಪ್ಪನಿಂದ. ಅಮ್ಮನಿಂದ ಬರುವುದು ಡಬ್ಲ್ಯೂ. ಅಂದರೆ ಕಂದು ಬಣ್ಣದ ಮಟ್ಟಿಗೆ ಮಗಳು ಏನಾಗುತ್ತಾಳೆ ಎಂದು ತೀರ್ಮಾನಿಸುವುದು ಅಪ್ಪ ಮಾತ್ರ.

ಇದರಿಂದ ಹೊರಡುವ ಲೆಕ್ಕ ನೋಡಿ. ಗಂಡು ಹೆಣ್ಣು ಎರಡೂ ಖಾಕಿಯಾದರೆ ಮರಿಗಳೆಲ್ಲ ಕಂದು. ಖಾಕಿ ಗಂಡನ್ನು ಕಪ್ಪುಗಂದು ಹೆಣ್ಣಿನ ಜೊತೆ ಬಿಟ್ಟರೆ ಹೆಣ್ಣುಮರಿಗಳೆಲ್ಲ ಕಂದು, ಗಂಡುಮರಿಗಳೆಲ್ಲ ಕಪ್ಪುಗಂದು. ತಿರುಗಿಸಿ, ಕಂದು ಜೀನ್ ಒಂದೂ ಇಲ್ಲದ ಕಪ್ಪುಗಂದು ಗಂಡಿಗೆ ಖಾಕಿ ಹೆಣ್ಣನ್ನು ಕೂಡಿಸಿದರೆ ಎಲ್ಲ ಮರಿಗಳೂ ಕಪ್ಪುಗಂದು, ಆದರೆ ಗಂಡುಮರಿಗಳಲ್ಲಿ ಕಂದು ಜೀನ್ ಅಡಗಿ ಕೂತಿರುತ್ತದೆ. ಆ ಗಂಡುಗಳನ್ನು ಖಾಕಿ ಹೆಣ್ಣಿನ ಜೊತೆ ಬಿಟ್ಟರೆ ಮರಿಗಳಲ್ಲಿ ಸುಮಾರು ಅರ್ಧ ಕಂದು, ಅರ್ಧ ಕಪ್ಪುಗಂದು.

ಎರಡನೆಯ ಜೋಡಿಯನ್ನು ಮತ್ತೊಮ್ಮೆ ನೋಡಿ. ಮೊಟ್ಟೆಯೊಡೆದ ದಿನವೇ ಮರಿಯ ಬಣ್ಣ ನೋಡಿ ಗಂಡೋ ಹೆಣ್ಣೋ ಹೇಳಿಬಿಡಬಹುದು. ಮೊಟ್ಟೆಗಾಗಿ ಸಾಕುವವರಿಗೆ ಇದು ದೊಡ್ಡ ಅನುಕೂಲ, ಯಾಕೆಂದರೆ ಬೇಡದ ಗಂಡುಮರಿಗಳಿಗೆ ತಿಂಗಳುಗಟ್ಟಲೆ ಮೇವು ಹಾಕುವ ಖರ್ಚು ಉಳಿಯುತ್ತದೆ. ಇಂಗ್ಲೆಂಡಿನ ಡೆವನ್ ಸೀಮೆಯ ಹಂಫ್ರೀಸ್ ಎಂಬವರು 1940ರ ದಶಕದಲ್ಲಿ ‘ಡಾರ್ಕ್ ಕ್ಯಾಂಪ್‌ಬೆಲ್’ ಎಂಬ ಕಪ್ಪುಗಂದು ಬಗೆಯನ್ನು ಬೆಳೆಸಿದ್ದು ಈ ಉದ್ದೇಶಕ್ಕಾಗಿಯೇ.

ಇದೇ ಲೆಕ್ಕ ಇನ್ನೊಂದು ಸತ್ಯವನ್ನೂ ಹೊರಗೆಳೆಯುತ್ತದೆ. ನಿಮ್ಮಲ್ಲಿರುವ ಗಂಡು ಅಪ್ಪಟ ಖಾಕಿ ಎಂದುಕೊಳ್ಳಿ. ಅದರ ಹೆಣ್ಣುಮರಿಯೊಂದು ಕಪ್ಪುಗಂದಾಗಿ ಬೆಳೆಯಿತು. ಹಾಗಾಗುವುದು ಸಾಧ್ಯವಿಲ್ಲ. ಬೇರೆ ಯಾವುದೋ ಗಂಡು ಅಮ್ಮನ ಜೊತೆ ಸೇರಿದೆ ಎಂದೇ ಅರ್ಥ. ಗಂಡು ದೂರವಾದ ಮೇಲೂ ಹೆಣ್ಣುಬಾತಿನ ಹೊಟ್ಟೆಯಲ್ಲಿ ವೀರ್ಯ ಕೆಲವು ದಿನ ಜೀವಂತವಾಗಿರುತ್ತದೆ. ಅದಕ್ಕೇ ಹೊಸ ಜೋಡಿ ಮಾಡಿದ ಮೇಲೆ ಎರಡು ಮೂರು ವಾರ ಬಿಟ್ಟು ಬಂದ ಮೊಟ್ಟೆಗಳನ್ನಷ್ಟೇ ಮರಿಗೆ ಇಡಬೇಕು.

ತಪ್ಪು ಬಣ್ಣ ಯಾರ ಗುರುತು?

ಗಂಡಿನ ಕೊರಳಲ್ಲಿ ಬಿಳಿ ಪಟ್ಟಿ, ಹೆಣ್ಣಿನ ಕಣ್ಣಿನ ಮೇಲೆ ಗೆರೆ. ಇವೆರಡೂ ಒಂದೇ ಕಾರಣಕ್ಕೆ ಬರುವಂಥವು. ಮಲ್ಲಾರ್ಡ್, ರುಆನ್ ಎರಡರ ಮೈಮೇಲೂ ಇರುವುದು ಇದೇ ಕಾಡುಬಾತಿನ ಚಿತ್ತಾರ. ಅದರ ಜೀನ್ ಡಸ್ಕಿಗಿಂತ ಬಲವಾದದ್ದು, ಒಂದು ಪ್ರತಿ ಇದ್ದರೂ ಸಾಮಾನ್ಯವಾಗಿ ತಲೆ ಹಾಕುತ್ತದೆ. ಇದರಲ್ಲಿ ಒಂದು ಒಳ್ಳೆಯ ವಿಷಯವೂ ಇದೆ. ದೋಷ ಅಡಗಿ ಕೂರುವುದಿಲ್ಲ. ಪಟ್ಟಿ ಅಥವಾ ಗೆರೆ ಕಂಡ ಹಕ್ಕಿಯನ್ನು ಮರಿ ಮಾಡಿಸಲು ಬಳಸದೆ ಬಿಟ್ಟರೆ ಒಂದೆರಡು ತಲೆಮಾರಿನಲ್ಲೇ ಹಿಂಡು ಶುದ್ಧವಾಗುತ್ತದೆ. ನಮ್ಮಲ್ಲಿ ಖಾಕಿ ಎಂದು ಮಾರುವ ಬೆರಕೆ ಬಾತುಗಳಲ್ಲಿ ಮೊದಲು ಹುಡುಕಬೇಕಾದದ್ದು ಈ ಎರಡು ಗುರುತುಗಳನ್ನೇ.

ಎದೆಯ ಮೇಲಿನ ಬಿಳಿ ಮಚ್ಚೆ, ರೆಕ್ಕೆಯ ತುದಿಯ ಬಿಳಿ ಗರಿ. ಇಂಡಿಯನ್ ರನ್ನರ್ ಬಾತಿನ ಮೈಯಲ್ಲಿ ಬಿಳಿಯ ಭಾಗ ಧಾರಾಳ. ಕ್ಯಾಂಪ್‌ಬೆಲ್ ರಕ್ತದಲ್ಲಿ ಅದು ಇರುವುದರಿಂದ ಶುದ್ಧ ಎನ್ನುವ ಹಿಂಡಿನಲ್ಲೂ ಒಮ್ಮೊಮ್ಮೆ ನಾಲ್ಕಾರು ಬಿಳಿ ಗರಿ ಮೇಲೇಳುತ್ತವೆ. ಇನ್ನೊಂದು ದಾರಿಯೂ ಇದೆ. ಮಾಂಸಕ್ಕೆ ಸಾಕುವ ಬಿಳಿ ಪೆಕಿನ್ ಬಾತಿನ ಜೊತೆ ಖಾಕಿ ಬೆರೆತರೂ ಎದೆಯಲ್ಲಿ ಬಿಳಿ ಬರಬಹುದು. ಪೆಕಿನ್‌ನ ಬಿಳಿ ಎಂಥದ್ದೆಂದರೆ, ಅದು ತನ್ನ ಕೆಳಗಿರುವ ಎಲ್ಲ ಚಿತ್ತಾರವನ್ನೂ ಮುಚ್ಚಿಬಿಡುತ್ತದೆ. ಬೆರಕೆಯಾದ ಮರಿಯಲ್ಲಿ ಮುಚ್ಚಿದ್ದೆಲ್ಲ ಹೊರಬರುತ್ತದೆ. ಹಾಗಾಗಿ ಆ ಮರಿಗಳು ಹೇಗಿರುತ್ತವೆ ಎಂದು ಮೊದಲೇ ಹೇಳುವುದು ಕಷ್ಟ.

ಹಳದಿ ಕೊಕ್ಕನ್ನು ಗಂಭೀರ ದೋಷವೆಂದೇ ನೋಡುತ್ತಾರೆ. ಗಂಡಿನಲ್ಲಿ ಹಸಿರು, ಹೆಣ್ಣಿನಲ್ಲಿ ಸ್ಲೇಟು ಬಣ್ಣ ಇರಬೇಕಾದ ಕಡೆ ಹಳದಿ ಇದ್ದರೆ ಮೈಬಣ್ಣ ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ.

ಮೈಯೆಲ್ಲ ತೀರಾ ತಿಳಿಯಾಗಿ, ಹೊಟ್ಟೆ ಬೆಳ್ಳಗೆ ಬಂದರೆ ಅದು ಬೇರೆ ಕಥೆ. 1949ರಲ್ಲಿ ಲೆಸ್ಲಿ ಬಾನೆಟ್ ಎಂಬ ಬ್ರಿಟಿಷ್ ವಾಯುಪಡೆಯ ಅಧಿಕಾರಿಯ ಖಾಕಿ ಕ್ಯಾಂಪ್‌ಬೆಲ್ ಹಿಂಡಿನಲ್ಲಿ ಎರಡು ತಿಳಿ ಬಣ್ಣದ ಮರಿಗಳು ಹುಟ್ಟಿದವು. ಅಪ್ಪ ಅಮ್ಮ ಎರಡರಲ್ಲೂ ಅಡಗಿದ್ದ ಜೀನ್ ಮರಿಯಲ್ಲಿ ಜೋಡಿಯಾಗಿತ್ತು. ಪ್ರದರ್ಶನದ ಪ್ರಕಾರ ನೋಡಿದರೆ ಅವು ತಪ್ಪು ಬಣ್ಣದ ಖಾಕಿಗಳು. ಬಾನೆಟ್ ಅವನ್ನು ಕೈಬಿಡಲಿಲ್ಲ, ಅವುಗಳಿಂದಲೇ ಮರಿ ಮಾಡಿಸುತ್ತಾ ಹೋದರು. ಅದೇ ಇವತ್ತಿನ ವೆಲ್ಷ್ ಹಾರ್ಲೆಕ್ವಿನ್ ತಳಿ, ಮೊಟ್ಟೆಗೂ ಚೆಂದಕ್ಕೂ ಹೆಸರಾದದ್ದು. ಬಿಳಿ ಕ್ಯಾಂಪ್‌ಬೆಲ್ ಹುಟ್ಟಿದ್ದೂ ಖಾಕಿಯಿಂದಲೇ. ಒಂದು ಮಾನದಂಡದಲ್ಲಿ ತಪ್ಪಾದದ್ದು ಇನ್ನೊಂದಕ್ಕೆ ಬುನಾದಿಯಾಗಬಹುದು.

ದೋಷದಂತೆ ಕಂಡರೂ ದೋಷವಲ್ಲದ್ದು

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಖಾಕಿ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ. ಕಪ್ಪು ಮೆಲನಿನ್‌ಗೆ ಇರುವಷ್ಟು ತಾಳಿಕೆ ಕಂದು ಮೆಲನಿನ್‌ಗೆ ಇಲ್ಲ. ದಿನವಿಡೀ ಗದ್ದೆಯಲ್ಲಿ, ಕೆರೆಯಂಗಳದಲ್ಲಿ ಅಡ್ಡಾಡುವ ಬಾತಿನ ಬೆನ್ನು ಕೆಲವು ತಿಂಗಳಲ್ಲಿ ಒಣಹುಲ್ಲಿನ ಬಣ್ಣಕ್ಕೆ ಇಳಿದಿರುತ್ತದೆ. ಪಕ್ಕದಲ್ಲಿ ಆಗಷ್ಟೇ ಬಂದ ಹೊಸ ಗರಿ ಗಾಢವಾಗಿರುತ್ತದೆ. ಎರಡೂ ಸೇರಿ ತೇಪೆ ತೇಪೆಯಾಗಿ ಕಾಣುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಮೇಲಿನ ಗರಿಯನ್ನು ಮೆಲ್ಲಗೆ ಎತ್ತಿ, ಬಿಸಿಲು ಬೀಳದ ಅದರ ಬುಡವನ್ನು, ಕೆಳಗೆ ಮುಚ್ಚಿಕೊಂಡಿರುವ ಗರಿಯನ್ನು ನೋಡಿ. ಅಲ್ಲಿ ಇರುವುದೇ ಹಕ್ಕಿಯ ನಿಜವಾದ ಬಣ್ಣ.

ಎರಡನೆಯದು ಗಂಡುಗಳ ಗರಿ ಬದಲಾವಣೆ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡುಬಾತು ತನ್ನ ಹೊಳೆಯುವ ಗರಿಗಳನ್ನು ಉದುರಿಸಿ ಕೆಲವು ವಾರ ಹೆಣ್ಣಿನಂತೆ ಮಂಕಾಗುತ್ತದೆ. ಇಂಗ್ಲೆಂಡಿನಲ್ಲಿ ಇದು ಬೇಸಿಗೆಯ ನಡುವೆ ಆಗುತ್ತದೆ. ಬಾಲದ ಸುರುಳಿ ಗರಿಯೂ ಆಗ ಬಿದ್ದುಹೋಗಬಹುದು. ಕಾಡಿನಲ್ಲಿ ರೆಕ್ಕೆಯ ಗರಿಗಳೂ ಇದೇ ಹೊತ್ತಿಗೆ ಉದುರಿ ಹಾರಲಾಗದ ದಿನಗಳು ಬರುತ್ತವೆ. ಹೊಳಪಿಲ್ಲದ ಮೈ ಆಗ ಹಕ್ಕಿಯನ್ನು ಶತ್ರುಗಳ ಕಣ್ಣಿನಿಂದ ಕಾಪಾಡುತ್ತದೆ. ಸಾಕುಬಾತಿನಲ್ಲೂ ಈ ಹಳೆಯ ಅಭ್ಯಾಸ ಉಳಿದುಕೊಂಡಿದೆ. ಈ ಹೊತ್ತಿನಲ್ಲಿ ಗಂಡಿನ ಬಣ್ಣಕ್ಕೆ ತೀರ್ಪು ಕೊಡುವುದು ಅನ್ಯಾಯ. ದನಿ ಮಾತ್ರ ಬದಲಾಗದೆ ಉಳಿಯುತ್ತದೆ, ಗಂಡನ್ನು ಅದರಿಂದ ಗುರುತಿಸಬಹುದು.

ಮೂರನೆಯದು ವಯಸ್ಸು. ಮರಿಯ ಮೊದಲ ಪುಕ್ಕದಲ್ಲಿ ಗಂಡು ಹೆಣ್ಣು ಎರಡೂ ಒಂದೇ ಥರ ಮಂಕಾಗಿರುತ್ತವೆ. ಗಂಡಿನ ಕಂಚಿನ ತಲೆ ಪೂರ್ತಿಯಾಗಿ ಕಾಣಲು ನಾಲ್ಕು ತಿಂಗಳಾದರೂ ಬೇಕು.

ಮೇವಿನ ಪ್ರಭಾವವೂ ಇದೆ. ಕಾಲಿನ ಕಿತ್ತಳೆಗೆ ಬೇಕಾದ ವಸ್ತು ಹಸಿರು ಸೊಪ್ಪು, ಹಳದಿ ಮೆಕ್ಕೆಜೋಳದಂಥ ಆಹಾರದಿಂದ ಬರುತ್ತದೆ. ಅವು ಕಡಿಮೆಯಾದರೆ ಕಾಲು ಬಿಳಿಚಿಕೊಳ್ಳುತ್ತದೆ. ಗರಿಯ ಖಾಕಿಗೂ ಇದಕ್ಕೂ ಸಂಬಂಧವಿಲ್ಲ. ಮೆಲನಿನ್ ಹಕ್ಕಿಯ ಮೈಯಲ್ಲೇ ತಯಾರಾಗುವಂಥದ್ದು.

ನೋಡುವ ಕ್ರಮ

ಮೊದಲು ದೂರ ನಿಂತು ನೋಡಬೇಕು. ಬೆದರದೆ, ತನ್ನ ಪಾಡಿಗೆ ನಡೆಯುತ್ತಿರುವ ಬಾತಿನ ನಿಲುವೂ ಬಣ್ಣದ ಸಮತೆಯೂ ಆಗಲೇ ಗೊತ್ತಾಗುವುದು. ಹಗಲ ಬೆಳಕು ಬೇಕು. ಟ್ಯೂಬ್‌ಲೈಟಿನ ಕೆಳಗೆ ಖಾಕಿ ಬೂದಾಗಿ ಕಾಣುತ್ತದೆ, ಹಳದಿ ಬಲ್ಬಿನಲ್ಲಿ ಕೆಂಪಾಗುತ್ತದೆ. ಫೋಟೊ ನೋಡಿ ಬಣ್ಣ ತೀರ್ಮಾನಿಸುವುದು ಬೇಡ, ಒಂದೇ ಬಾತು ಎರಡು ಮೊಬೈಲಿನಲ್ಲಿ ಎರಡು ಥರ ಬರುತ್ತದೆ.

ಆಮೇಲೆ ಕೈಗೆತ್ತಿಕೊಳ್ಳಬೇಕು. ಬಾತಿನ ಕಾಲು ಕೋಳಿಯಷ್ಟು ಗಟ್ಟಿಯಲ್ಲ, ಕಾಲು ಹಿಡಿದು ತಲೆಕೆಳಗಾಗಿ ನೇತಾಡಿಸಿದರೆ ಕೀಲು ತಪ್ಪಬಹುದು. ಎರಡೂ ರೆಕ್ಕೆ ಮೈಗೆ ಒತ್ತಿಕೊಂಡಿರುವಂತೆ ಹಿಡಿದು, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಎತ್ತಿ. ಈಗ ಒಂದೊಂದಾಗಿ ರೆಕ್ಕೆ ಬಿಡಿಸಿ ನೋಡಿ. ಬಿಳಿ ಗರಿ ಅಡಗುವುದು ಮಡಚಿದ ರೆಕ್ಕೆಯ ಒಳಗೆ. ಗದ್ದದ ಕೆಳಗೆ, ಕೊರಳಿನ ಸುತ್ತ ಪುಕ್ಕ ಸರಿಸಿ ನೋಡಿ. ನಾಲ್ಕೈದೇ ಬಿಳಿ ಗರಿ ಇದ್ದರೆ ಹೊರಗಿನಿಂದ ತಿಳಿಯುವುದೇ ಇಲ್ಲ. ಕಣ್ಣಿನ ಸುತ್ತ ಗೆರೆ ಇದೆಯೇ, ಕೊಕ್ಕಿನ ಬಣ್ಣ ಏನು, ಕಾಲು ಹೇಗಿದೆ, ಕೊನೆಗೆ ಹೊಟ್ಟೆಯ ಭಾಗ.

ಒಂದು ದಿನದ ಮರಿಯನ್ನೇ ಕೊಳ್ಳುವವರಿಗೂ ಒಂದು ದಾರಿ ಇದೆ. ಖಾಕಿ ಮರಿಯ ಮೈತುಂಬ ಮಂಕು ಕಂದು ನಯಪುಕ್ಕ. ಮುಖದಲ್ಲಿ ಹಳದಿ ಇಲ್ಲ, ಗೆರೆ ಇಲ್ಲ. ಕಾಡುಬಾತಿನ ಚಿತ್ತಾರ ಹೊತ್ತ ಮರಿಗೆ ಹಳದಿ ಮುಖ, ಕಣ್ಣಿನ ಮೂಲಕ ಹಾದ ಗಾಢ ಗೆರೆ. ಪೂರ್ತಿ ಹಳದಿಯಾಗಿದ್ದರೆ ಅದು ಬೆಳೆದು ಬಿಳಿ ಬಾತಾಗುತ್ತದೆ. ಒಂದೇ ಬುಟ್ಟಿಯಲ್ಲಿ ಈ ಮೂರೂ ಥರದ ಮರಿಗಳಿದ್ದರೆ ತಾಯಿ ಹಿಂಡು ಬೆರಕೆಯದ್ದು ಎಂದು ತಿಳಿಯಬಹುದು.

ಬಣ್ಣ ನೋಡಿ ಮೊಟ್ಟೆ ಲೆಕ್ಕ ಹಾಕಬಹುದೇ?

ಇಲ್ಲ. ಚೆನ್ನಾಗಿ ಆಯ್ದು ಬೆಳೆಸಿದ ಖಾಕಿ ಕ್ಯಾಂಪ್‌ಬೆಲ್ ವಂಶ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಕೊಡಬಲ್ಲದು. ಆದರೆ ಆ ಗುಣ ಬರುವುದು ಬೇರೆ ಬೇರೆ ಜೀನುಗಳಿಂದ, ಜೊತೆಗೆ ಮೇವು, ನೀರು, ಬೆಳಕು, ಆರೈಕೆಯಿಂದ. ಪ್ರದರ್ಶನಕ್ಕೆಂದೇ ಬಣ್ಣ ನೋಡಿ ಆಯ್ದ ಹಿಂಡು ಮೊಟ್ಟೆಯಲ್ಲಿ ಹಿಂದೆ ಬೀಳಬಹುದು. ಎದೆಯಲ್ಲಿ ಅಂಗೈಯಗಲ ಬಿಳಿ ಇರುವ ಹೆಣ್ಣು ಹಿಂಡಿನಲ್ಲೇ ಜಾಸ್ತಿ ಮೊಟ್ಟೆ ಇಡುವುದೂ ಉಂಟು. ಮನೆಬಳಕೆಗೆ ನಾಲ್ಕು ಬಾತು ಸಾಕಿದವರು ಇಂಥ ಹಕ್ಕಿಯನ್ನು ಸುಮ್ನೆ ಹೊರಹಾಕಬೇಕಿಲ್ಲ. ಮರಿ ಮಾಡಿಸಿ ‘ಖಾಕಿ ಕ್ಯಾಂಪ್‌ಬೆಲ್’ ಎಂದು ಹೆಸರು ಹೇಳಿ ಮಾರುವವರಿಗೆ ಮಾತ್ರ ಬಣ್ಣದ ವಿಷಯದಲ್ಲಿ ಹೊಣೆ ಇದೆ. ಕೊಳ್ಳುವವರು ಆ ಹೆಸರನ್ನು ನಂಬಿ ದುಡ್ಡು ಕೊಡುತ್ತಾರೆ.

ಇನ್ನೊಂದು ಮಾತು ನಾಟಿ ಬಾತುಗಳ ಬಗ್ಗೆ. ಕೇರಳದ ಕುಟ್ಟನಾಡಿನಲ್ಲಿ ಚಾರ, ಚೆಂಬಳ್ಳಿ ಎಂಬ ಎರಡು ನಾಟಿ ಬಗೆಗಳಿವೆ. ಚೆಂಬಳ್ಳಿಯ ಮೈ ಕಂದು. ಗೊತ್ತಿಲ್ಲದವರು ಅದನ್ನೇ ಖಾಕಿ ಎಂದುಕೊಳ್ಳುತ್ತಾರೆ, ಆಮೇಲೆ ‘ಬಣ್ಣ ಸರಿಯಿಲ್ಲ’ ಎನ್ನುತ್ತಾರೆ. ಅದು ಬೆರಕೆ ಖಾಕಿ ಅಲ್ಲ. ಗದ್ದೆಯಿಂದ ಗದ್ದೆಗೆ ಅಲೆದು, ಉದುರಿದ ಭತ್ತ, ಬಸವನಹುಳು ತಿಂದು ಬದುಕುವುದನ್ನು ತಲೆಮಾರುಗಳಿಂದ ರೂಢಿಸಿಕೊಂಡ ಬೇರೆಯೇ ಬಾತು. ಯೂಲಿಯ ಹಿತ್ತಲಲ್ಲಿ ಹುಟ್ಟಿದ ತಳಿಗೆ ಬರೆದ ಮಾನದಂಡವನ್ನು ಅದರ ಮೇಲೆ ಹೇರಲು ಬರುವುದಿಲ್ಲ. ನಾಟಿ ಬಾತು ಎಂದು ಗೊತ್ತಾದರೆ ಅದನ್ನು ನಾಟಿಯಾಗಿಯೇ ಸಾಕಿ, ಖಾಕಿ ಹಿಂಡಿನ ಜೊತೆ ಬೆರೆಸದೆ ಬೇರೆ ಇಡಿ. ಬೆರೆತರೆ ಎರಡೂ ವಂಶ ಕೈತಪ್ಪುತ್ತವೆ.